ಮುತ್ತಣ್ಣಜ್ಜ ಅಳಿಸಲಿರುವ ಸದ್ದು

ಶ್ರಾವಣ ಮೂವತ್ತೆಂಟು, ೨೧೯೩
ಮಗ್ಗದ ಮನೆ, ಮೇಲಿನ ಓಣಿ

ಮುತ್ತಣ್ಣಜ್ಜಾ,

ತಾರೀಖು ನೋಡಿ ಗಾಬರಿಯಾಗಬೇಡ. ಮಳೆ ನಿಲ್ಲುವವರೆಗೆ ನಾವು ಶ್ರಾವಣ ಮುಗಿಸುವುದಿಲ್ಲ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಎನಿಸಿದರೆ ಕ್ಷಮಿಸು. ಉಳಿದದ್ದಕ್ಕೆ ನಾನು ಕ್ಷಮೆ ಕೇಳುವವಳಲ್ಲ. ನೀನು ನನ್ನ ಮುತ್ತಜ್ಜನ ತಂದೆ, ನಿಜ. ಆದರೆ ಈ ಓಲೆ ಸೇರುವ ದಿನ ನಿನಗೆ ಇಪ್ಪತ್ತಾರು, ನನಗೆ ಎಪ್ಪತ್ತೊಂದು. ಬೈಯುವ ಹಕ್ಕು ನನ್ನದು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆ ಒಂದು ಮನೆತನಕ್ಕೆ ಒಂದೇ ಸಲ ಸಿಗುತ್ತದೆ. ಅದನ್ನು ನಿನ್ನ ಮೇಲೆ ಖರ್ಚು ಮಾಡುತ್ತಿದ್ದೇನೆ.

ನಮ್ಮಲ್ಲೀಗ ಮಳೆ ಬಿಡುವು ಕೊಟ್ಟ ಹಗಲೆಲ್ಲ ನೆರಳುಗಂಟೆ, ಬಿಸಿಲಿಗೆ ಕಾಲಿಡುವಂತಿಲ್ಲ. ಹೊತ್ತು ಏರುವುದರೊಳಗೆ ಓಣಿಯ ಹೆಂಗಸರು ನಮ್ಮ ಪಡಸಾಲೆ ಸೇರಿ, ರೊಟ್ಟಿ ಹಂಚಿಕೊಂಡು ತಿಂದು, ಮಗ್ಗಕ್ಕೆ ಕೂರುತ್ತಾರೆ. ನಡುವೆ ಎರಡು ತಲೆಮಾರು ಯಾರೂ ನೇಯಲಿಲ್ಲ. ನಾನು ಹಟ ಹಿಡಿದು ಮತ್ತೆ ಮಗ್ಗ ಹೂಡಿಸಿದೆ. ಸೀರೆಯ ಮೈ ನೇಯುವುದನ್ನು ಕಲಿತೆವು. ಕೆಂಪು ಸೆರಗಿನ ಎಳೆಗಳೂ ಸಿದ್ಧವಿವೆ. ಮೈಯ ಎಳೆಗೆ ಸೆರಗಿನ ಎಳೆ ಸಿಕ್ಕಿಸುವ ಕೊಂಡಿ ಮಾತ್ರ ಯಾರಿಗೂ ಬರುವುದಿಲ್ಲ. ನಾವು ಹಾಕಿದ್ದು ಜಗ್ಗಿದರೆ ಕಳಚಿ ಬರುತ್ತದೆ. ಮೊಮ್ಮಗಳು ಶಿವಗಂಗೆಯ ಸೀರೆ ಸೆರಗಿಲ್ಲದೆ ನಿಂತಿದೆ. ಈ ಶ್ರಾವಣದೊಳಗೆ ಕೊಂಡಿ ಬೀಳದಿದ್ದರೆ ಮಗ್ಗ ಬಿಚ್ಚುತ್ತೇವೆ ಎಂದು ಹೆಂಗಸರು ನನ್ನ ಮುಖಕ್ಕೇ ಹೇಳಿದ್ದಾರೆ.

ನಮ್ಮ ಮನೆಯಲ್ಲಿ ಕೊಂಡಿ ಬಲ್ಲ ಕೊನೆಯವಳು ನಿನ್ನ ಅಜ್ಜಿ ದ್ಯಾಮವ್ವ. ನಿನ್ನ ಲೆಕ್ಕಕ್ಕೆ ನಿನ್ನೆ ನೀನು ಆಕೆಯ ಕೆಲಸವನ್ನು ಶೂಟ್ ಮಾಡಿದ್ದೀ. ಬೆರಳುಗಳ ಮೇಲೆ ಎರಡು ಕ್ಯಾಮೆರಾ, ದನಿಗೆ ಬೇರೆ ರೆಕಾರ್ಡರು. ಅಲ್ಲಿಯವರೆಗೆ ಶಾಣ್ಯಾ. ಮಗ್ಗದ ಮುಂದೆ ಚಪ್ಪಾಳೆ ತಟ್ಟಬಾರದೆಂಬುದು ಮನೆಯ ಪದ್ಧತಿ. ನಿಮ್ಮಿಬ್ಬರ ಜಗಳ ರೆಕಾರ್ಡರಿನಲ್ಲಿ ಇನ್ನೂ ಇದೆ.

"ಆಯಿ, ಒಂದ ಸಲ ಚಪ್ಪಾಳಿ ಹೊಡಿ. ಆಮ್ಯಾಲೆ ದನಿ, ಚಿತ್ರ ಕೂಡಸಾಕ ಗುರುತು ಬೇಕಾಗ್ತೈತಿ."

"ಮಗ್ಗದ ಮುಂದ ಚಪ್ಪಾಳಿ ಹೊಡದು ಲಕ್ಷ್ಮೀನ ಓಡಸಲೇನೋ? ಬೇಕಾದ್ರ ನಿನ್ನ ಕಪಾಳಕ್ಕ ಹೊಡಿತೀನಿ, ಅದೂ ಸಪ್ಪಳ ಆಗ್ತೈತಿ."

ಆಕೆ ಹೊಡೆಯಬೇಕಿತ್ತು. ಕೊಂಡಿ ಹಾಕುವಾಗ ಮಗ್ಗ ಸುಮ್ಮನಿರುತ್ತದೆ, ಗುರುತಿಗೆ ಲಾಳಿಯ ಸದ್ದೂ ಇಲ್ಲ.

ಇನ್ನು ನಾಳೆ ನೀನು ಮಾಡಲಿರುವುದು. ಕ್ಯಾಮೆರಾ, ರೆಕಾರ್ಡರುಗಳ ಮೂರೂ ಕಾರ್ಡಿನಲ್ಲಿರುವುದನ್ನು ಒಂದೇ ಫೋಲ್ಡರಿಗೆ ಸುರಿಯುತ್ತೀ. ಹೆಸರೇನಿಡುತ್ತೀ? "ಹೊಸದು", "ಇನ್ನೊಂದು ಹೊಸದು", "ಕಡೇದು", "ಖರೇ ಕಡೇದು". ನಾಯಿಮರಿಗಾದರೂ ಇದಕ್ಕಿಂತ ಯೋಚಿಸಿ ಹೆಸರಿಡುತ್ತಾರೆ. ಆದರೂ ಕೆಲಸ ಕೆಡುತ್ತಿರಲಿಲ್ಲ. ಕ್ಯಾಮೆರಾದ ಮೈಕು ಹಿಡಿದ ಒರಟು ಸದ್ದನ್ನು ರೆಕಾರ್ಡರಿನ ದನಿಯೊಂದಿಗೆ ಹೋಲಿಸಿ ಸಾಫ್ಟ್‌ವೇರು ತಾನೇ ಎರಡನ್ನೂ ಕೂಡಿಸುತ್ತದೆ. ನೀನು ಆ ಸದ್ದನ್ನೇ ಅಳಿಸಿ ಕೊಳಲಿನ ಸಂಗೀತ ತುಂಬುತ್ತೀ. ಫ್ಯಾನಿನ ಗೊರಗೊರ ಕೇಳಿ ನಾಚಿಕೆಯಾಯಿತಂತೆ. ಬಳಿಕ ಯಾರದೋ ಮದುವೆ ಶೂಟಿಂಗಿಗೆಂದು ಕಾರ್ಡುಗಳನ್ನೂ ಖಾಲಿ ಮಾಡುತ್ತೀ.

ಮುಖ ಕಾಣಿಸಿದ್ದರೆ ತುಟಿ ನೋಡಿಯಾದರೂ ಹೊಂದಿಸುತ್ತಿದ್ದೆವು. ಚಿತ್ರದಲ್ಲಿ ಬರೀ ಬೆರಳು, ಅದೂ ಮುಖ್ಯ ಗಳಿಗೆಯಲ್ಲಿ ಎಳೆಯನ್ನು ಮುಚ್ಚಿಬಿಡುತ್ತದೆ. ಆ ಗಳಿಗೆಯಲ್ಲಿ ಆಕೆ ಏನೆಂದಳು ಎಂಬುದೇ ನಮಗೆ ಬೇಕು. ದನಿಯಲ್ಲಿ ಆಕೆ, "ಈ ಎಳಿ ಅಲ್ಲಪಾ, ಬಾಜೂದು. ಹಿಂಗ ತಿರುವಿ ಒಳಗ ತೂರಸು" ಎನ್ನುತ್ತಾಳೆ. ಯಾವ ಎಳೆ? ಹಿಂಗ ಅಂದರೆ ಹೆಂಗ? ಒಂದು ಕಡೆ ಮೂಕ ಕೈ, ಇನ್ನೊಂದು ಕಡೆ ಕೈಯಿಲ್ಲದ ಬಾಯಿ. ಇಷ್ಟೇ ನೀನು ನಮಗೆ ಬಿಟ್ಟುಹೋದದ್ದು.

ಈಗ ಹೇಳಿದಷ್ಟು ಮಾಡು. ಎಡಗಡೆ ಕ್ಯಾಮೆರಾ, ಬಲಗಡೆ ಕ್ಯಾಮೆರಾ, ದನಿ ಎಂದು ಬೇರೆ ಬೇರೆ ಫೋಲ್ಡರು ಮಾಡಿ ಆಯಾ ಕಾರ್ಡನ್ನು ಅದರದರಲ್ಲೇ ಇಳಿಸು. ಶೂಟ್ ಮಾಡಿದ ಕ್ರಮದಲ್ಲೇ ಹೆಸರಿಡು. ಫ್ಯಾನು ಗೊರಗುಟ್ಟಲಿ, ನಾಯಿ ಬೊಗಳಲಿ, ಕ್ಯಾಮೆರಾದ ಸದ್ದು ಮುಟ್ಟಬೇಡ. ದನಿಯನ್ನೂ ಚಿತ್ರವನ್ನೂ ಕೂಡಿಸಿ, ನೋಡಿ, ಆಮೇಲೆ ಕಾರ್ಡು ಖಾಲಿ ಮಾಡು. ಕೊಳಲು ಬೇಕೇಬೇಕಿದ್ದರೆ ಬೇರೆ ಪ್ರತಿಗೆ ಹಾಕಿಕೊ.

ನೀನು ಸರಿಯಾಗಿ ಮಾಡಿದರೆ ನಾನು ಈ ಓಲೆ ಬರೆದಿರುವುದೇ ಇಲ್ಲವಂತೆ, ಅಂಚೆಯವರು ಹೇಳಿದರು. ನಿನ್ನನ್ನು ಇಷ್ಟು ಬೈದ ಸಮಾಧಾನವೂ ನನಗೆ ಉಳಿಯುವುದಿಲ್ಲ. ಅಡ್ಡಿಯಿಲ್ಲ. ಶಿವಗಂಗೆ ಸೆರಗು ಹೊದೆಯಲಿ.

ಚನ್ನಬಸವ್ವ