ಎರೆಮಣ್ಣಿನ ದಾರಿಗೆ ಸಣ್ಣ ಗಾಲಿ

ತೋಟದ ಮನೆ, ಜುಗೂಳ
ತಾ. ಅಥಣಿ
೨೪-೭-೧೯೯೭

ಪ್ರೀತಿಯ ಮಗಳು ಸುಂದರಾಗೆ,

ನಿನ್ನ ಅಪ್ಪ ರಾವಸಾಹೇಬ ದೂರದಿಂದಲೇ ತಲೆ ನೇವರಿಸಿ ಬರೆಯುವುದು. ಮೈ ಹೇಗಿದೆ? ಹೋದ ತಿಂಗಳು ಕೆಮ್ಮು ಇದೆ ಎಂದು ನೀನು ಅವ್ವನಿಗೆ ಬರೆದಿದ್ದೆ, ಹೋಯಿತೋ ಇಲ್ಲವೋ ಬರೆಯಲಿಲ್ಲ. ಆ ನಿಪ್ಪಾಣಿಯ ತಂಬಾಕಿನ ಘಾಟಿಗೆ ಎಂಥವರಿಗೂ ಕೆಮ್ಮು ಬರುತ್ತದೆ. ಬೆಲ್ಲ, ಮೆಣಸು, ಶುಂಠಿ ಕುದಿಸಿ ಕುಡಿ. ಅಳಿಯಂದಿರು ಬಾಬಾಸಾಹೇಬರೂ ನಿನ್ನ ಅತ್ತೆಯವರೂ ಆರಾಮ ಇದ್ದಾರೆಂದು ತಿಳಿಯುತ್ತೇನೆ. ಇಲ್ಲಿ ನಾವು ಆರಾಮ. ಮಳೆಗೆ ನಿನ್ನ ಅವ್ವನ ಮೊಣಕಾಲು ಹಿಡಿದಿದೆ, ಆದರೂ ಕೂಡು ಅಂದರೆ ಕೂಡುವ ಹೆಂಗಸಲ್ಲ. ಹೊಳೆಗೆ ಹೊಸ ನೀರು ಬಂದಿದೆ, ಕಬ್ಬು ಎದೆಮಟ್ಟ ಬೆಳೆದಿದೆ. ವರ್ಷವಾಯಿತು, ನೀನು ಕಾಗದ ಬರೆಯುವುದೆಲ್ಲ ಅವ್ವನ ಹೆಸರಿಗೆ. ಅವಳಿಗೆ ಓದು ಬರುವುದಿಲ್ಲ, ಓದಿ ಹೇಳುವವನು ನಾನೇ ಎಂಬುದು ನಿನಗೆ ಗೊತ್ತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ. ಎಮ್ಮೆ ಈಯಿತೇ ಎಂದು ಕೇಳಿದ್ದೀ, ಪಕ್ಕದ ತೋಟದ ಲಗಮಪ್ಪನ ನಾಯಿಯನ್ನೂ ಕೇಳಿದ್ದೀ. ಅಪ್ಪನ ಹೆಸರು ಎಲ್ಲಿಯೂ ಇಲ್ಲ. ಇರಲಿ. ಈ ಸಲ ಪಂಚಮಿಗೆ ಮಗಳು ಬರುತ್ತಾಳೋ ಇಲ್ಲವೋ ಎಂದು ನಿನ್ನ ಅವ್ವ ದಿನಾ ಕೇಳುತ್ತಾಳೆ. ಅದಕ್ಕೇ ಈಗ ಬರೆಯಲು ಕೂತೆ. ವಿಷಯ ಕಾರಿನ ಗಾಲಿಯದು.

ಹೋದ ವರ್ಷ ಪಂಚಮಿಗೆ ನಿನ್ನನ್ನು ಕರೆಯಲು ಬಂದಾಗ ನಮ್ಮ ಅಂಬಾಸಿಡರಿಗೆ ಕೊಲ್ಲಾಪುರದಿಂದ ತಂದ ಹೊಸ ಗಾಲಿ ಹಾಕಿಸಿದ್ದೆ. ಅಗಲ ಟೈರು, ಬೆಳ್ಳಿಯ ಹಾಗೆ ಹೊಳೆಯುವ ಅಲಾಯ್ ಚಕ್ರ. ನಾನು ಎತ್ತು ಕೊಳ್ಳುವಾಗ ಎದೆ ಅಗಲ ಇದ್ದದ್ದನ್ನು ನೋಡಿ ಕೊಳ್ಳುವವನು. ನಲವತ್ತು ವರ್ಷ ಅದರಲ್ಲಿ ಮೋಸ ಹೋಗಿಲ್ಲ. ಗಾಲಿಯನ್ನೂ ಹಾಗೇ ಆರಿಸಿದೆ. ಕಾರು ಯಾವ ಬಣ್ಣದ್ದು ಎಂಬುದೊಂದನ್ನು ಬಿಟ್ಟು ಅಂಗಡಿಯವನು ಏನೂ ಕೇಳಲಿಲ್ಲ. ನಿನ್ನ ಮನೆಯ ಮುಂದೆ ಓಣಿಯ ಮಂದಿಯೆಲ್ಲ ಬಂದು ನೋಡಿ ಹೊಗಳಿದರು. ಹೊರಡುವಾಗ ನೀನು ಗಾಲಿಯ ಹತ್ತಿರ ಬಗ್ಗಿ ಏನೋ ಅಂದೆ. ಏನಂದೆಯೋ ಈಗ ನೆನಪಿಲ್ಲ. ಚಿಕ್ಕೋಡಿ ದಾಟಿ ಡಾಂಬರು ಇರುವ ತನಕ ಕಾರು ನಾವೆ ತೇಲಿದ ಹಾಗೆ ಬಂತು. ನಮ್ಮ ತೋಟದ ದಾರಿಗೆ ತಿರುಗಿದ ಮೇಲೆ ಆದದ್ದು ಇಬ್ಬರಿಗೂ ಗೊತ್ತು. ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ಕೆಡಿಸಿದ ದಾರಿ, ಮೇಲೆ ಎರಡು ದಿನದ ಮಳೆ. ಎರೆಮಣ್ಣು ಟೈರಿಗೆ ಸುತ್ತಿ ಸುತ್ತಿ ಮಡ್‌ಗಾರ್ಡಿನೊಳಗೆ ತುಂಬಿತು, ಗಾಲಿ ತಿರುಗುವುದು ಬಿಟ್ಟು ಜಾರಿತು, ಲಗಮಪ್ಪನ ಬದುವಿನ ಕಲ್ಲಿಗೆ ಬಡಿದು ಆ ಬೆಳ್ಳಿ ಚಕ್ರ ಚಹಾದ ಬಸಿಯ ಹಾಗೆ ಸೀಳಿಹೋಯಿತು. ಲಗಮಪ್ಪ ಎತ್ತು ಹೂಡಿ ಎಳೆದ. ನೀನು ಅತ್ತೆ ಕೊಟ್ಟ ಉಂಡಿಯ ಡಬ್ಬಿ ತಲೆಯ ಮೇಲಿಟ್ಟುಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಮನೆ ಸೇರಿದೆ. ಮೂರು ದಿನ ಇದ್ದೆ, ಪಂಚಮಿಯ ಜೋಕಾಲಿ ಹತ್ತಲಿಲ್ಲ. ನಾಲ್ಕನೇ ದಿನ ಕೆಂಪು ಬಸ್ಸಿಗೆ ಹೋದೆ. ಹೋಗುವಾಗ ಅವ್ವನಿಗೆ 'ಇನ್ನ ಆ ಗಾಡ್ಯಾಗ ನಾ ಕೂಡಂಗಿಲ್ಲ' ಎಂದದ್ದು ನನ್ನ ಕಿವಿಗೂ ಬಿದ್ದಿದೆ.

ಕಾರು ಹತ್ತು ತಿಂಗಳು ಶೆಡ್ಡಿನಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿ ತತ್ತಿ ಇಟ್ಟಿತು. ಮಳೆ ಹತ್ತಿರ ಬಂದಾಗ ಮನಸ್ಸು ತಡೆಯದೆ ಚಿಕ್ಕೋಡಿಗೆ ಹೋದೆ. ಅಲ್ಲಿ ಧೂಳಪ್ಪ ಎಂಬ ಟೈರಿನವನಿದ್ದಾನೆ. ತಗಡಿನ ಅಂಗಡಿ, ಬೋರ್ಡು ಸಹ ಇಲ್ಲ. ಒಳ್ಳೆಯ ಟೈರು ತೋರಿಸು ಅಂದೆ. ಅವನು ಕೂತಲ್ಲಿಂದ ಏಳಲಿಲ್ಲ. 'ಸಾವಕಾರ್ರ, ಟೈರ್ ಆಮ್ಯಾಲ. ದಾರಿ ಎಂಥಾದ್ ಐತಿ ಹೇಳ್ರಿ' ಅಂದ. ಎಷ್ಟು ಮಂದಿ ಕೂಡುತ್ತೀರಿ, ಡಿಕ್ಕಿಯಲ್ಲಿ ಏನು ಹೇರುತ್ತೀರಿ, ಡಾಂಬರು ಎಷ್ಟು ಮೈಲಿ, ಕಚ್ಚಾ ರಸ್ತೆ ಎಷ್ಟು, ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ. ಎಲ್ಲ ಕೇಳಿ ಕೊನೆಗೆ, ನಿಮ್ಮ ದಾರಿಯ ಮಣ್ಣು ಒಂದು ಹಿಡಿ ತನ್ನಿ, ಆಮೇಲೆ ಮಾತಾಡೋಣ ಅಂದ. ನನ್ನ ಸಿಟ್ಟು ನಿನಗೆ ಗೊತ್ತಲ್ಲ. 'ಮಣ್ಣ ತಂದ ನಿನ್ನ ಬಾಯಾಗ ಹಾಕ್ಲೇನಲೇ' ಎಂದು ಒದರಿದೆ. ಅವನು ಬೋಲ್ಟು ಬಿಗಿಯುವ ಪಾನಾ ತಿರುಗಿಸುತ್ತ ತಲೆ ಎತ್ತದೆ 'ಹಾಕ್ರಿ, ರುಚಿ ನೋಡಿ ಟೈರ್ ಹೇಳ್ತೀನಿ' ಅಂದ. ನನ್ನ ವಯಸ್ಸಿನಲ್ಲಿ ನನಗೆ ಹಾಗೆ ಉತ್ತರ ಕೊಟ್ಟು ನಗಿಸಿದವನು ಅವನೊಬ್ಬನೇ. ಮರುದಿನ ನಾನು, ಹದಿನೆಂಟು ಎಕರೆ ಕಬ್ಬಿನ ಒಡೆಯ, ಟವೆಲ್ಲಿನಲ್ಲಿ ಮಣ್ಣು ಕಟ್ಟಿಕೊಂಡು ಬಸ್ಸು ಹತ್ತಿದೆ. ಯಾವ ದೇವರ ಅಂಗಾರ ಎಂದು ಕಂಡಕ್ಟರು ಕೇಳಿದ.

ಧೂಳಪ್ಪ ಆ ಮಣ್ಣಿಗೆ ನೀರು ಹಾಕಿ ಅಂಗೈಯಲ್ಲಿ ರೊಟ್ಟಿಯ ಹಿಟ್ಟಿನಂತೆ ನಾದಿದ, ಬತ್ತಿಯಾಗಿ ಹೊಸೆದ, ಹರಿದು ನೋಡಿದ. ಮಣ್ಣಿನ ಕೆಳಗೆ ಏನಿದೆ ಎಂದು ಕೇಳಿದ. ಗೇಣು ಆಳಕ್ಕೆ ಗಟ್ಟಿ ಗರಸು, ಸಣ್ಣ ಕಲ್ಲಿನ ನೆಲ ಇದೆ ಅಂದೆ. ಆಗ ಅವನ ಮುಖ ಅರಳಿತು. 'ಅಗಲ ಗಾಲಿ ರಾಡಿ ಮ್ಯಾಲ ತೇಲ್ತಾವ್ರಿ. ಸಣ್ಣ ಗಾಲಿ ಕೊರ್ಕೊಂಡ ಇಳಿದ ಗಟ್ಟಿ ನೆಲಾ ಹಿಡೀತಾವ. ನಿಮ್ಮ ಎತ್ತಿನ ಚಕ್ಕಡಿ ಗಾಲಿ ನೋಡೀರಿಲ್ಲೋ' ಅಂದ. ಕಾರು ಕಾರ್ಖಾನೆಯಿಂದ ಬರುವಾಗ ಇದ್ದ ಅಳತೆಯ, ಅಗಲ ಕಡಿಮೆಯ ಸಣ್ಣ ಟೈರನ್ನೇ ತೆಗೆದ. ಹಿಂದಿನ ಎರಡಕ್ಕೆ ದೊಡ್ಡ ದೊಡ್ಡ ಬಿಡಿ ಹಲ್ಲು, ನಡುವೆ ಸಂದಿ, ಮಣ್ಣು ಅಂಟಿದರೂ ತಿರುಗುವಾಗ ಸಿಡಿದು ಹೋಗಬೇಕು. ಮುಂದಿನ ಎರಡಕ್ಕೆ ಉದ್ದ ಗೆರೆ, ತಿರುವಿದ ಕಡೆ ತಿರುಗಬೇಕು. ಕೊಲ್ಲಾಪುರದ ಗಾಲಿ ಕಾರನ್ನು ಎರಡು ಬೆರಳು ಕೆಳಗೆ ಇಳಿಸಿತ್ತಂತೆ, ಕಾರಿನ ಹೊಟ್ಟೆ ಕೆಸರಿಗೆ ತಾಗಿದ್ದು ಅದಕ್ಕೇ. ಚಕ್ರ ಕಬ್ಬಿಣದ್ದೇ ಇರಲಿ ಅಂದ. ಹೊಳೆಯುವ ಚಕ್ರ ಕಲ್ಲಿಗೆ ಒಡೆದರೆ ಮುಗಿಯಿತು, ಕಬ್ಬಿಣ ಸೊಟ್ಟಗಾದರೆ ದಾರಿಯಲ್ಲೇ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಬಹುದು. ಹಳ್ಳಿ ದಾರಿಗೆ ಹವಾ ಸ್ವಲ್ಪ ಕಡಿಮೆ, ಡಾಂಬರಿಗೆ ಬಂದ ಕೂಡಲೇ ತುಂಬಿಸಬೇಕು, ಸ್ಟೆಪ್ನಿಯೂ ಅದೇ ಅಳತೆಯದಿರಬೇಕು ಎಂದು ನನ್ನಿಂದ ಎರಡು ಸಲ ಹೇಳಿಸಿದ, ಮಾಸ್ತರ ಮಗ್ಗಿ ಹೇಳಿಸಿದ ಹಾಗೆ. ನಾನು ಹೇಳಿದೆ. ಒಡೆದ ಗಾಲಿಯ ಜಾಗಕ್ಕೆ ಹಳೆಯ ಸ್ಟೆಪ್ನಿ ಹಾಕಿ ಕಾರನ್ನು ಅವನ ಅಂಗಡಿಗೆ ತಂದೆ. ಅವನು ನಾಲ್ಕೂ ಗಾಲಿ ಹಾಕಿ, ಕಾರನ್ನು ಕೈಯಿಂದ ಒತ್ತಿ ಒತ್ತಿ ಅಲುಗಿಸಿ, ಪ್ರತಿ ಬೋಲ್ಟನ್ನೂ ಮತ್ತೆ ಮುಟ್ಟಿ ನೋಡಿ ಬಿಟ್ಟ. ಒಂದು ಅಕ್ಷರ ಓದದ ಮನುಷ್ಯ. ಅವನ ಅಂಗೈ ಓದಿದೆ, ಅದು ಸಾಕು.

ಹೋದ ವಾರ ಮೂರು ದಿನ ಬಿಡದೆ ಮಳೆ. ನಾಲ್ಕನೇ ದಿನ ನಿನ್ನ ಅವ್ವನನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಬಿಟ್ಟೆ. ಅವಳು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಲಗಮಪ್ಪ ಸದ್ದು ಕೇಳಿ ಎತ್ತು ಹೂಡಿಕೊಂಡು ಬದುವಿನ ಮೇಲೆ ಕಾಯುತ್ತ ನಿಂತಿದ್ದ. ಗಾಲಿ ಇಳಿಯಿತು, ಇಳಿದು ಕಚ್ಚಿತು, ಮಣ್ಣು ಹಿಂದಕ್ಕೆ ಸಿಡಿಯಿತು, ಕಾರು ಹಳೆಯ ಎತ್ತಿನ ಹಾಗೆ ಅವಸರವಿಲ್ಲದೆ ಏರಿತು. 'ಎತ್ತ ಹೂಡಿ ನಿಂತೀನಲ್ರಿ ಅಣ್ಣಾರ, ಹಿಂಗ ಹೋದ್ರ ಹೆಂಗ' ಎಂದು ಲಗಮಪ್ಪ ಕೂಗಿದ. ಅವನ ಅಂಗಿಗೆ ಸಿಡಿದ ಕೆಸರೇ ಉತ್ತರ. ಕಾಗವಾಡದವರೆಗೆ ಹೋಗಿ, ಚಹಾ ಕುಡಿದು, ಹಾಗೇ ತಿರುಗಿ ಬಂದೆವು.

ಅಳಿಯಂದಿರಿಗೆ ನನ್ನ ನಮಸ್ಕಾರ, ನಿನ್ನ ಅತ್ತೆಯವರಿಗೆ ನಿನ್ನ ಅವ್ವ ಶಿವಗಂಗವ್ವನ ಶರಣು ತಿಳಿಸು. ತಣ್ಣೀರಲ್ಲಿ ಬಹಳ ಹೊತ್ತು ನಿಲ್ಲಬೇಡ. ನೀನು ನೂರು ಕಾಲ ನಗುನಗುತ್ತ ಬಾಳು.

ನಿನ್ನ ಅಪ್ಪ
ರಾವಸಾಹೇಬ

ತಾ. ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಏನಂದೆಯೋ ನೆನಪಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. 'ಅಪ್ಪಾ, ಚಕ್ಕಡಿ ಗಾಲಿ ಸಣ್ಣವ ಇರ್ತಾವ ಯಾಕ, ಇವು ನಮ್ಮ ಎರಿ ಮಣ್ಣಾಗ ನಡ್ಯಂಗಿಲ್ಲ' ಅಂದಿದ್ದೆ. 'ಗಾಲಿ ವಿಚಾರ ನನಗ ಹೇಳಾಕ ನೀ ಯಾವಾಕಿ' ಎಂದು ನಾನು ನಿನ್ನ ಅತ್ತೆಯ ಮುಂದೆ ಒದರಿದೆ. ಕಾರು ಸಿಕ್ಕಿಬಿದ್ದಾಗ ನಿನ್ನ ಬಾಯಿಂದಲೇ ಹೀಗಾಯಿತೆಂದು ಲಗಮಪ್ಪನ ಮುಂದೆ ಅಂದೆ. ನನ್ನ ಮಗಳೂ ಇದನ್ನೇ ಹೇಳಿದ್ದಳು ಎಂದು ಧೂಳಪ್ಪನಿಗೆ ಹೇಳಿದರೆ, 'ಮತ್ತ ಆಕಿನ್ನ ಬಿಟ್ಟ ನನ್ನ ಕಡೆ ಯಾಕ ಬಂದ್ರಿ' ಅಂದ. ನಿನ್ನ ಬಾಯಿಂದ ಆಯಿತೆಂದ ಆ ಮಾತು ನನ್ನ ತಪ್ಪು. ಲಗಮಪ್ಪನ ಮುಂದೆ ಆಡಿದ್ದೆ, ಅವನ ಮುಂದೆಯೇ ತಪ್ಪೆಂದು ಹೇಳಿದ್ದೇನೆ. ಆ ಅಗಲ ಟೈರುಗಳಲ್ಲೊಂದನ್ನು ಬೇವಿನ ಮರಕ್ಕೆ ಜೋಕಾಲಿಯಾಗಿ ಕಟ್ಟಿದ್ದೇನೆ, ಕೂರಲು ಬಹಳ ಚೆನ್ನಾಗಿದೆ, ನಾನೇ ಕೂತು ನೋಡಿದೆ, ಅವ್ವ ನಕ್ಕಳು. ಪಂಚಮಿಯ ಹಿಂದಿನ ದಿನ ಬರುತ್ತೇನೆ. ಮೊದಲು ಹೊರಗೆ ಬಂದು ಗಾಲಿ ನೋಡು. ಸರಿ ಅಂದರೆ ಹತ್ತು, ಇಲ್ಲವಾದರೆ ಖಾಲಿ ಗಾಡಿ ತಿರುಗಿಸುತ್ತೇನೆ, ಒದರುವುದಿಲ್ಲ. ಉತ್ತರ ಅವ್ವನ ಹೆಸರಿಗೇ ಬರೆ. ಓದುವವನು ನಾನೇ.