ಅತ್ತೆಗೆ ಬೇರೆ ಟೆಂಟು

ಮರವಂತೆ ಹತ್ರ, 2006

ಅಕ್ಕ,

ನನ್ನ ಶೀತ ವಾಸಿಯಾಗಿದೆ. ಇವರ ಆಫೀಸಿನವರು ನಮ್ಮ ಹನಿಮೂನಿಗೆ ಅಂತ ಬುಕ್ ಮಾಡಿಸಿದ್ದು ತೋಟದ ನಡುವೆ ಒಂದು ಟೆಂಟು. ಒಳಗೆ ಫ್ಯಾನು, ಕಮೋಡು, ದೊಡ್ಡ ಮಂಚ ಎಲ್ಲಾ ಇದೆ. ಅತ್ತೆ ಸಮುದ್ರ ನೋಡಿಲ್ಲ ಅಂತ ಇವರು ಅವರನ್ನೂ ಕರ್ಕೊಂಡು ಬಂದರು. ಮಂಚದ ಮೇಲೆ ಅತ್ತೆ, ನಾನು. ಇವರು ಚಾಪೆ ಮೇಲೆ.

ಇಲ್ಲಿನ ಅಡುಗೆಮನೆಯಲ್ಲಿ ಮೀನು ಬೇಯಿಸ್ತಾರೆ ಅಂತ ಅತ್ತೆ ಊಟ ಮುಟ್ಟಲಿಲ್ಲ. ಟೆಂಟಿನ ಮುಂದೆ ಮೂರು ಕಲ್ಲಿಟ್ಟು, ಊರಿಂದ ತಂದಿದ್ದ ಹಿಟ್ಟಲ್ಲಿ ಮುದ್ದೆ ಮಾಡಿದರು. ಮುದ್ದೆ ಕೋಲೂ ಬ್ಯಾಗಲ್ಲೇ ಇತ್ತು. ಪಕ್ಕದ ಟೆಂಟಿನ ಬೊಂಬಾಯಿಯವರು ಇದೂ ಪ್ಯಾಕೇಜಲ್ಲಿ ಸೇರಿದೆ ಅಂದ್ಕೊಂಡು ತಟ್ಟೆ ಹಿಡ್ಕೊಂಡು ಬಂದು ಕೂತರು. "ಅಗೀಬ್ಯಾಡಿ ಕಣ್ರಪ್ಪಾ, ನುಂಗಿ" ಅಂತ ಅತ್ತೆ ಗದರಿದರು. ಎಲ್ಲರೂ ನುಂಗಿದರು.

ದಿನಾ ಮಾಡಿಕೊಡಿ ಅಂತ ತೋಟದ ಯಜಮಾನರು ಅತ್ತೆಗೆ ಪುಕ್ಕಟೆ ಬೇರೆ ಟೆಂಟು ಕೊಟ್ಟಿದಾರೆ. ಸಮುದ್ರ ಇನ್ನೂ ನೋಡಿಲ್ಲ, ಅವರಿಗೆ ಪುರುಸೊತ್ತಿಲ್ಲ.

ಭಾವ ಗುರುವಾರ ಹಂಚು ತುಂಬೋಕೆ ನರಸೀಪುರದಿಂದ ಲಾರಿ ತಗೊಂಡು ಈ ಕಡೆ ಬರ್ತಾರಲ್ಲ, ಅವರ ಕೈಲಿ ಹತ್ತು ಕೆಜಿ ರಾಗಿ ಹಿಟ್ಟು ಕಳ್ಸು. ಮರೀಬೇಡ ಅಕ್ಕ, ನಿನ್ನ ದಮ್ಮಯ್ಯ. ಹಿಟ್ಟು ಮುಗಿದರೆ ಅತ್ತೆ ಮತ್ತೆ ನಮ್ಮ ಮಂಚಕ್ಕೇ.

ನಂದಿತಾ