ನೀನು ಹೊರಗೆ ಹೋದ ಮೇಲೆ

ವೆಸ್ಟ್ ಹಾರ್ಲೋ, ವರ್ಮಾಂಟ್
ಮಾರ್ಚ್ ೧೦, ಗುರುವಾರ

ಪ್ರೀತಿಯ ಡೆಲ್ಫೀನ್,

ಅಮ್ಮನ ಮುತ್ತುಗಳು. ಊರಸಭೆ ಮುಗಿದು ಒಂಬತ್ತು ದಿನವಾದರೂ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಶಾಸನಸಭೆ ಕೂರುವ ದಿನಗಳಲ್ಲಿ ನೀನು ಉಳಿಯುವ ರಾಜಧಾನಿಯ ಆ ಬಾಡಿಗೆ ಕೋಣೆಯಲ್ಲಿ ಹೀಟರ್ ಸರಿಯಾಯಿತೇ? ಕಾಲುಚೀಲ ಹಾಕಿಕೊಂಡೇ ಮಲಗು.

ಮೇಪಲ್ ಮರಗಳು ರಸ ಬಿಡತೊಡಗಿವೆ. ನಿನ್ನಪ್ಪ ಬೆಳಗಿನಿಂದ ಅದನ್ನು ಸಿಹಿ ಪಾಕಕ್ಕೆ ಕಾಯಿಸುತ್ತಿದ್ದಾರೆ. ಹಬೆಯಲ್ಲಿ ಅವರೂ ಒಲೆಯೂ ಕರಗಿಹೋಗಿ, ಕೆಂಪು ಟೋಪಿ ಮಾತ್ರ ತೇಲುತ್ತಿರುತ್ತದೆ. ಆ ಹಬೆಯನ್ನೇ ನೋಡುತ್ತ ಕೂತರೆ ಒಳಗಿಂದ ನೀನು ಓಡಿಸುವ ಶಾಲೆಯ ಹಳದಿ ಬಸ್ಸು ಸದ್ದಿಲ್ಲದೆ ಬಂದಂತಾಗುತ್ತದೆ. ಚಕ್ರಗಳು ನೆಲಕ್ಕೆ ತಾಕುವುದಿಲ್ಲ. ಮಕ್ಕಳು ಹಾಡುತ್ತಿರುತ್ತಾರೆ. ಡ್ರೈವರ್ ಸೀಟಿನಲ್ಲಿ ಮಾತ್ರ ಯಾರೂ ಇರುವುದಿಲ್ಲ.

ಶಾಲೆಯಲ್ಲಿ ಸೇರಿದ ಊರಸಭೆಯಲ್ಲಿ ನಡೆದದ್ದನ್ನು ಯಾರೂ ನಿನಗೆ ಪೂರ್ತಿ ಹೇಳಿರಲಿಕ್ಕಿಲ್ಲ. ನಿನ್ನ ವಿಷಯ ಬಂದ ಕೂಡಲೇ ನೀನು ಎದ್ದು ಹೋಗಿ ಶಾಲೆಯಂಗಳದಲ್ಲಿ ನಿಂತಿದ್ದ ಬಸ್ಸಿನೊಳಗೆ ಕೂತೆ. ಜನವರಿಯಲ್ಲಿ, ಊರು ನಿನ್ನನ್ನು ಆರಿಸಿ ಕಳಿಸಿದ ಶಾಸನಸಭೆಯಲ್ಲೂ ಹಾಗೇ ಮಾಡಿದೆಯಲ್ಲ. ಸಣ್ಣ ಶಾಲೆಗಳನ್ನು ಮುಚ್ಚುವ ಮಸೂದೆಗೆ ಮತ ಹಾಕುವಾಗ, ಶಾಲೆಯಿಂದಲೇ ಸಂಬಳ ಪಡೆಯುವವಳು ನಾನು, ಕೂರುವುದು ನ್ಯಾಯವಲ್ಲ ಎಂದು ಹೊರಗೆ ನಡೆದೆ. ಮಸೂದೆ ಗೆದ್ದಿತು. ಜೂನ್‌ಗೆ ನಮ್ಮ ಶಾಲೆ ಮುಚ್ಚುತ್ತದೆ.

ಹಿಮ ತೆಗೆಯುವ ಗಾಡಿಯ ರಾಯ್ಸ್ ಅದನ್ನೇ ಹಿಡಿದುಕೊಂಡ. "ಓಟು ಹಾಕೋ ಹೊತ್ತಿಗೆ ಎದ್ದು ಹೋಗೋಳನ್ನ ಅಷ್ಟು ದೂರ ಯಾಕ್ರೀ ಆರಿಸಿ ಕಳಿಸ್ಬೇಕು? ಬಸ್ಸೋ, ಸಭೆಯೋ, ಯಾವುದಾದ್ರೂ ಒಂದು ಬಿಡ್ಲಿ!"

ಅಂಚೆಯ ಲೂಯೆಲ್ಲಾ ಬಿಡುತ್ತಾಳೆಯೇ? "ಚಳಿಗಾಲ ಪೂರ್ತಿ ಹಿಮ ತಳ್ಳಿ, ಬೇಸಿಗೆ ಪೂರ್ತಿ ಗೊರಕೆ ಹೊಡೆಯೋನು ನೀನು, ಸುಮ್ನೆ ಕೂತ್ಕೊಳ್ಳಯ್ಯಾ. ಬಸ್ಸು ಬಿಟ್ರೆ ಅವಳು ಏನು ತಿನ್ಬೇಕು? ಸಭೆ ಬಿಟ್ರೆ ಅಲ್ಲಿ ಬರೀ ದುಡ್ಡಿರೋ ವಕೀಲ್ರೇ ಕೂರ್ತಾರೆ. ಅಲ್ಲಿರೋರಲ್ಲಿ ನಮ್ಮ ಮಕ್ಕಳ ಹೆಸರು ಗೊತ್ತಿರೋಳು ಅವಳೊಬ್ಬಳೇ ಕಣೋ!"

"ಹೆಸರು ಗೊತ್ತಿದ್ದೂ ಹೊರಗೆ ಹೋದ್ಲಲ್ಲಮ್ಮಾ," ಎಂದ ರಾಯ್ಸ್.

ಹೌದು, ಇಲ್ಲ ಎಂದು ಕೂಗಿಸಿದರೂ ತೀರ್ಮಾನವಾಗದೆ, ಎದ್ದು ನಿಲ್ಲಿಸಿ ಎಣಿಸಿದರು. ಒಂದನ್ನು ಬಿಡಲಿ ಎಂದವರು ಐವತ್ತೆರಡು, ಬೇಡವೆಂದವರು ಐವತ್ತೊಂದು. ಅದು ಬರೀ ಸಲಹೆ ಮಗಳೇ, ಅಪ್ಪಣೆಯಲ್ಲ. ಆದರೆ ನಿನ್ನ ಸ್ವಭಾವ ನನಗೆ ಗೊತ್ತು, ಇಷ್ಟರಲ್ಲಾಗಲೇ ಬಸ್ಸಿಗೋ ಸಭೆಗೋ ರಾಜೀನಾಮೆ ಬರೆದಿಟ್ಟುಕೊಂಡಿರುತ್ತೀಯ. ಶನಿವಾರ ಮನೆಗೆ ಬಾ, ಬಿಸಿ ಪಾಕ ತಿನ್ನುತ್ತ ಮಾತಾಡೋಣ.

ಬೆಟ್ಟದ ದಾರಿಯುದ್ದಕ್ಕೂ ಮೇರಿಮಾತೆ ನಿನ್ನ ಕೈ ಬಿಡದಿರಲಿ.

ನಿನ್ನ ಅಮ್ಮ,
ಆರ್ಮಾಂಡ್

ಮತ್ತೆ: ಶಾಸನಸಭೆಯಿಲ್ಲದೆ ನೀನು ಬಸ್ಸು ಓಡಿಸುವ ದಿನ, ಫೆಬ್ರವರಿಯ ಒಂದು ಸೋಮವಾರ ಬೆಳಗ್ಗೆ ನಿನಗೆ ತಿಂಡಿ ಡಬ್ಬಿ ಕೊಡಲು ಶಾಲೆಗೆ ಬಂದಿದ್ದೆ. ಬಸ್ಸಿನ ಎಂಜಿನ್ ಓಡುತ್ತಲೇ ಇತ್ತು, ನೀನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದೆ, ಮಡಿಲ ತುಂಬ ಸಭೆಯ ಕಾಗದಗಳು. ಕಿಟಕಿ ತಟ್ಟಿದರೂ ನಿನಗೆ ಎಚ್ಚರವಾಗಲಿಲ್ಲ. ಐದು ನಿಮಿಷ ಮುಂಚೆ ಅದರೊಳಗೆ ಮಕ್ಕಳಿದ್ದರು. ಯಾರಿಗೂ ಹೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಊರಸಭೆಯಲ್ಲಿ ಎಣಿಸುತ್ತ ಎಣಿಸುತ್ತ ನಮ್ಮ ಸಾಲಿಗೆ ಬಂದಾಗ ನಿದ್ದೆಯಲ್ಲಿ ಎದ್ದಂತೆ ನಾನು ಎದ್ದು ನಿಂತೆ. ಐವತ್ತೆರಡನೆಯವಳು ನಾನೇ. ಕಿಟಕಿಯಾಚೆ ನೀನು ಬಸ್ಸಿನಲ್ಲಿದ್ದೆ. ನಿನ್ನನ್ನು ನೋಡಲೆಂದೇ ಅಮ್ಮ ಎದ್ದಳೆಂದುಕೊಂಡು, ನನಗೆ ಕೈ ಬೀಸಿದೆ.